ರೋಟರಿ ಪಂಪ್ ಡೀಸೆಲ್: ಬೆಳಿಗ್ಗೆ ಸ್ಟಾರ್ಟ್ ಆಗಿ ಆಫ್ ಆಗುತ್ತದೆ, ಬ್ಯಾಟರಿಯೂ ಇಳಿಯುತ್ತದೆ

ಕಾಫಿಘಾಟಿ:
ನಾಲ್ಕು ಸಿಲಿಂಡರಿನ ಹಳೇ ಡೀಸೆಲ್ ಕಾರು. ಡೀಸೆಲ್ ಒತ್ತಿ ಕೊಡುವುದು ರೋಟರಿ ಪಂಪ್, ಟರ್ಬೊ ಇಲ್ಲ, ಹೊಸ ಕಾರುಗಳ ಕಾಮನ್ ರೈಲ್ ಅಲ್ಲ. ಸಕಲೇಶಪುರದ ಹತ್ತಿರ ರಾತ್ರಿಯೆಲ್ಲ ಹೊರಗೇ ನಿಲ್ಲುತ್ತದೆ.

ಬೆಳಿಗ್ಗೆ ಮೊದಲ ಸೆಲ್ಫ್‌ಗೇ ಸ್ಟಾರ್ಟ್ ಆಗಿ 8–10 ಸೆಕೆಂಡ್ ಓಡಿ ಆಫ್ ಆಗುತ್ತದೆ. ಆಮೇಲೆ ನಾಲ್ಕೈದು ಸಲ ಉದ್ದಕ್ಕೆ ಸೆಲ್ಫ್ ಹೊಡೆಯಬೇಕು, ಬಿಳಿ ಹೊಗೆ ಬಂದು ಹಿಡಿಯುತ್ತದೆ. ಹಿಡಿದ ಮೇಲೆ ದಿನವಿಡೀ ತೊಂದರೆ ಇಲ್ಲ. ಮೂತಿ ಇಳಿಜಾರಿಗೆ ಮಾಡಿ ನಿಲ್ಲಿಸಿದ ದಿನ ಸಮಸ್ಯೆ ಕಡಿಮೆ.

ಇದರ ಜೊತೆಗೆ ಎರಡು ರಾತ್ರಿ ನಿಂತರೆ ಬ್ಯಾಟರಿ ಡೌನ್. ಬ್ಯಾಟರಿಗೆ ಒಂದೇ ವರ್ಷ. ಹೆಡ್‌ಲೈಟ್ ಹಾಕಿದರೆ ಮೀಟರಿನಲ್ಲಿ ಬ್ಯಾಟರಿ ದೀಪ ಮಂಕಾಗಿ ಉರಿಯುತ್ತದೆ. ಗ್ಯಾರೇಜಿನಲ್ಲಿ ಹೀಟರ್ ಪ್ಲಗ್ (ತಣ್ಣಗಿನ ಎಂಜಿನ್ ಹಿಡಿಯಲು ಸಿಲಿಂಡರಿನೊಳಗೆ ಬಿಸಿ ಕೊಡುವ ಪ್ಲಗ್) ನಾಲ್ಕೂ ಬದಲಿಸಬೇಕು, ಪಂಪೂ ಬಿಚ್ಚಬೇಕು ಅಂದಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಹದಿಮೂರುಸ್ಪ್ಯಾನರ್:
ಬಿಳಿ ಹೊಗೆ ಅಂದರೆ ಸುಡದ ಡೀಸೆಲ್, ಹೀಟರ್ ಪ್ಲಗ್ ನೋಡಲೇಬೇಕು. ನಾಲ್ಕಕ್ಕೂ ಕರೆಂಟ್ ಕೊಡುವ ಮೇಲಿನ ಪಟ್ಟಿ ತೆಗೆದು ಪ್ರತಿ ಪ್ಲಗ್‌ನ ತುದಿಗೂ ಎಂಜಿನ್ ಬಾಡಿಗೂ ನಡುವೆ ಓಮ್ ಅಳೆಯಿರಿ. ಪಟ್ಟಿ ತೆಗೆಯದೆ ಅಳೆದರೆ ನಾಲ್ಕೂ ಸೇರಿ ಒಂದೇ ರೀಡಿಂಗ್ ಬಂದು ಸತ್ತದ್ದು ಗೊತ್ತಾಗುವುದಿಲ್ಲ. ತಣ್ಣಗಿದ್ದಾಗ 1 ಓಮ್ ಆಸುಪಾಸು ಇದ್ದರೆ ಸರಿ, ಓಪನ್ ತೋರಿಸಿದರೆ ಪ್ಲಗ್ ಹೋಗಿದೆ. ಪ್ಲಗ್ ಸರಿಯಿದ್ದೂ ಕೀ ಹಾಕಿದಾಗ ಪಟ್ಟಿಗೆ ಕರೆಂಟ್ ಬರದಿದ್ದರೆ ರಿಲೇ ಅಥವಾ ದೊಡ್ಡ ಫ್ಯೂಸ್ ನೋಡಿ.

ನಾಝಲ್‌ಮನೆ:
ಪ್ಲಗ್ ಅಳೆಯಿರಿ, ಆದರೆ ಮೂಲ ಅಲ್ಲಿಲ್ಲ. ಪ್ಲಗ್ ಹೋಗಿದ್ದರೆ ಮೊದಲ ಸೆಲ್ಫ್‌ಗೇ ಹಿಡಿಯುವುದು ಕಷ್ಟ. ನಿಮ್ಮದು ಸಲೀಸಾಗಿ ಹಿಡಿದು ಆಮೇಲೆ ಸಾಯುತ್ತಿದೆ. ಪಂಪಿನೊಳಗೆ ಉಳಿದ ಡೀಸೆಲ್‌ನಲ್ಲಿ ಅಷ್ಟು ಹೊತ್ತು ಓಡಿ, ಹಿಂದಿನಿಂದ ಗಾಳಿ ಬಂದ ಕೂಡಲೇ ನಿಲ್ಲುತ್ತದೆ. ಮೂತಿ ಇಳಿಜಾರಿಗಿದ್ದರೆ ಟ್ಯಾಂಕ್ ಎತ್ತರಕ್ಕೆ ಬರುತ್ತದೆ, ಡೀಸೆಲ್ ಹಿಂದಕ್ಕೆ ಇಳಿಯುವುದಿಲ್ಲ. ನೀವೇ ಬರೆದ ಆ ಒಂದು ಸಾಲು ಪಂಪ್ ಬಿಚ್ಚುವ ಖರ್ಚು ಉಳಿಸುತ್ತದೆ.

ಈ ಪಂಪು ಟ್ಯಾಂಕಿನಿಂದ ತಾನೇ ಎಳೆದುಕೊಳ್ಳುತ್ತದೆ. ಹಾಗಾಗಿ ಎಂಜಿನ್ ಓಡುವಾಗ ಆ ಪೈಪಿನಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲದ ಮೇಲೆ ಹನಿ ಇಲ್ಲವೆಂದು ಲೀಕ್ ಇಲ್ಲ ಅನ್ನಬೇಡಿ. ಪಂಪಿನ ಇನ್ಲೆಟ್‌ಗೆ ಒಂದು ಗೇಣು ಪಾರದರ್ಶಕ ಡೀಸೆಲ್ ಪೈಪ್ ಹಾಕಿ, ಉಳಿದ ಡೀಸೆಲ್ ಟ್ಯಾಂಕಿಗೆ ಮರಳುವ ರಿಟರ್ನ್‌ಗೂ ಒಂದು. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ನೋಡಿ: ಪೈಪಿನಲ್ಲಿ ಉದ್ದನೆಯ ಗಾಳಿ ತುಂಡು ನಿಂತಿರುತ್ತದೆ. ಹುಡುಕಬೇಕಾದ ಜಾಗ: ಫಿಲ್ಟರ್ ಹೆಡ್‌ನ ಓ-ರಿಂಗ್, ಕೈಯಿಂದ ಒತ್ತಿ ಡೀಸೆಲ್ ತುಂಬುವ ಹ್ಯಾಂಡ್ ಪ್ರೈಮರ್, ಪೈಪ್ ಜೋಡಿಸುವ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್, ಟ್ಯಾಂಕ್ ಮೇಲಿನ ರಬ್ಬರ್ ಪೈಪ್. ಎಲ್ಲರೂ ಮರೆಯುವುದು ನಾಝಲ್‌ಗಳ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗಗಳ) ನಡುವಿನ ಸಣ್ಣ ರಿಟರ್ನ್ ಪೈಪ್ ಮತ್ತು ಕೊನೆಯ ನಾಝಲ್ ಮೇಲಿನ ಬೆರಳ ತುದಿಯಷ್ಟು ರಬ್ಬರ್ ಟೋಪಿ. ಅದನ್ನು ಉಗುರಿನಿಂದ ಒತ್ತಿ, ಬಿರುಕು ಬಾಯಿ ಬಿಡುತ್ತದೆ.

ಜಾಗ ಸಿಗದಿದ್ದರೆ ಪಂಪಿನ ಇನ್ಲೆಟ್ ಮತ್ತು ರಿಟರ್ನ್ ಎರಡನ್ನೂ ಪಂಪಿಗಿಂತ ಎತ್ತರದಲ್ಲಿಟ್ಟ ಶುಚಿಯಾದ 5 ಲೀಟರ್ ಕ್ಯಾನಿಗೆ ಜೋಡಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಸರಿಯಾಗಿ ಓಡಿದರೆ ಪಂಪ್ ನಿರಪರಾಧಿ.

ಅರ್ತ್‌ವೈರ್:
ಬ್ಯಾಟರಿ ಇಳಿಯುವುದು ಬೇರೆಯೇ ದೋಷ, ಎರಡನ್ನೂ ಬೆರೆಸಬೇಡಿ. ಮಲ್ಟಿಮೀಟರ್ ಸಾಕು.

ನಿಂತ ಬ್ಯಾಟರಿ 12.6 ವೋಲ್ಟ್ ಇರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿಯಬಾರದು. ಆಗಲೇ ಬ್ಯಾಟರಿಯ ನೆಗೆಟಿವ್ ಗೂಟಕ್ಕೂ ಎಂಜಿನ್ ಬ್ಲಾಕಿಗೂ ನಡುವೆ ಅಳೆಯಿರಿ. 0.3 ವೋಲ್ಟ್ ದಾಟಿದರೆ ನೆಗೆಟಿವ್ ಅನ್ನು ಬಾಡಿಗೂ ಎಂಜಿನ್‌ಗೂ ಜೋಡಿಸುವ ಅರ್ತ್ ಪಟ್ಟಿ ತುಕ್ಕು ಹಿಡಿದಿರಬಹುದು. ಎಂಜಿನ್ ಓಡುವಾಗ ಚಾರ್ಜಿಂಗ್ 13.8ರಿಂದ 14.4. ಹೆಡ್‌ಲೈಟ್ ಹಾಕಿ, ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿ ಮೇಲೆ ಇಡಿ. 0.5ಕ್ಕಿಂತ ಹೆಚ್ಚು ತೋರಿಸಿದರೆ ಡೈನಮೋದ ಡಯೋಡ್ (ಎಸಿಯನ್ನು ಡಿಸಿ ಮಾಡುವ ಭಾಗ) ಮೇಲೆ ಅನುಮಾನ.

ರಾತ್ರಿ ಸೋರಿಕೆಗೆ: ಕೀ ತೆಗೆದು, ನೆಗೆಟಿವ್ ವೈರ್ ಬಿಚ್ಚಿ, ನಡುವೆ 10 ಆಂಪ್ ರೇಂಜಿನಲ್ಲಿ ಮೀಟರ್ ಹಾಕಿ. 0.05 ಆಂಪ್ ಒಳಗಿರಬೇಕು. ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ಕೀಳಿ. ಯಾವ ಫ್ಯೂಸಿಗೂ ಇಳಿಯದಿದ್ದರೆ ಡೈನಮೋದ ದಪ್ಪ ವೈರ್ ಬಿಚ್ಚಿ ನೋಡಿ. ಅದು ಸಾಮಾನ್ಯವಾಗಿ ಫ್ಯೂಸ್ ಬಾಕ್ಸ್ ದಾಟದೆ ನೇರ ಬ್ಯಾಟರಿಗೆ ಹೋಗುತ್ತದೆ. ಬಿಚ್ಚುವ ಮೊದಲು ಮೀಟರ್ ಕಳಚಿ ಬ್ಯಾಟರಿ ಸಂಪರ್ಕ ಪೂರ್ತಿ ತೆಗೆಯಿರಿ. ಮೀಟರ್ ಹೀಗೆ ಇರುವಾಗ ಕೀ ಹಾಕಬೇಡಿ, ಹೀಟರ್ ಪ್ಲಗ್ ಎಳೆತಕ್ಕೆ ಮೀಟರಿನ ಫ್ಯೂಸ್ ಹಾರುತ್ತದೆ. ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ಡೈನಮೋ ಪರೀಕ್ಷಿಸುವ ಅಭ್ಯಾಸ ಇನ್ನೂ ಇದೆ. ದಯವಿಟ್ಟು ಯಾರಿಗೂ ಬಿಡಬೇಡಿ, ರೆಗ್ಯುಲೇಟರ್ ಸುಟ್ಟುಹೋಗುತ್ತದೆ.

ಕಾಫಿಘಾಟಿ:
ಅಳೆದದ್ದು: ನಿಂತಾಗ 12.5, ಸೆಲ್ಫ್ ಹೊಡೆಯುವಾಗ 9.8. ಅರ್ತ್ ಕಡೆ 0.9. ಚಾರ್ಜಿಂಗ್ 13.1, ಎಸಿ 0.8. ಸೋರಿಕೆ 1.7 ಆಂಪ್, ಡೈನಮೋ ವೈರ್ ಬಿಚ್ಚಿದ ಮೇಲೆ 0.03. ಪ್ಲಗ್‌ಗಳಲ್ಲಿ ಮೂರು 0.8 ಓಮ್, ಒಂದು ಓಪನ್. ಕೊನೆಯ ನಾಝಲ್ ಟೋಪಿ ಸುತ್ತಲೂ ಒಡೆದಿತ್ತು, ಪಾರದರ್ಶಕ ಪೈಪಿನಲ್ಲಿ ಗಾಳಿ ಕಾಣಿಸಿತು.

ಅರ್ತ್‌ವೈರ್:
ಡಯೋಡ್ ಪ್ಲೇಟ್ ಹೋಗಿದೆ. ಪ್ಲೇಟ್ ಮಾತ್ರ ಬದಲಿಸಿ, ಬಿಚ್ಚಿದಾಗ ಕಾರ್ಬನ್ ಬ್ರಷ್ ಉದ್ದವೂ ನೋಡಿ. ಅರ್ತ್ ಪಟ್ಟಿ ಹೊಸದು ಹಾಕಿ, ಬಾಡಿ ಕಡೆ ಪೇಂಟ್ ಉಜ್ಜಿ ಲೋಹ ಕಾಣುವಂತೆ ಮಾಡಿ ಬೋಲ್ಟ್ ಬಿಗಿಯಿರಿ.

ನಾಝಲ್‌ಮನೆ:
ಟೋಪಿ ಜೊತೆ ರಿಟರ್ನ್ ಪೈಪಿನ ತುಂಡುಗಳನ್ನೂ ಹೊಸದಾಗಿ ಹಾಕಿ, ಅವೂ ಅಷ್ಟೇ ವಯಸ್ಸಿನವು. ಡೀಸೆಲ್‌ಗೆಂದೇ ಬರುವ ಪೈಪ್ ಬೇಕು, ನೀರಿನ ಪೈಪ್ ಉಬ್ಬಿಹೋಗುತ್ತದೆ. ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ನೊರೆ ನಿಂತು ಗಟ್ಟಿ ಡೀಸೆಲ್ ಬರುವವರೆಗೆ ಪ್ರೈಮರ್ ಒತ್ತಿ, ಒತ್ತಿ ಹಿಡಿದೇ ಬಿಗಿ ಮಾಡಿ. ಆಮೇಲೂ ಹಿಡಿಯದಿದ್ದರೆ ನಾಝಲ್ ಪೈಪಿನ ನಟ್ ಎರಡನ್ನು ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯಿರಿ. ಡೀಸೆಲ್ ಜಿನುಗಿದ ಮೇಲೆ ಬಿಗಿಯಿರಿ. ಕೈ, ಮುಖ ದೂರ ಇರಲಿ, ಆ ಒತ್ತಡದ ಡೀಸೆಲ್ ಚರ್ಮದೊಳಗೆ ಹೊಕ್ಕುತ್ತದೆ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಬೇಡ, ನಡುವೆ ಒಂದು ನಿಮಿಷ ಬಿಡಿ.

ಪ್ಲಗ್ ನಾಲ್ಕೂ ಒಂದೇ ಸೆಟ್ ಹಾಕಿ. ಬೇಗ ಬಿಸಿಯಾಗುವಂಥದ್ದೂ ನಿಧಾನದ್ದೂ ಬೆರೆಸಿದರೆ ಒಂದು ಜಾತಿ ಬೇಗ ಸುಡುತ್ತದೆ. ಹಳೆಯದನ್ನು ಎಂಜಿನ್ ಬಿಸಿ ಇರುವಾಗ, ಸ್ವಲ್ಪ ಮುಂದೆ ಸ್ವಲ್ಪ ಹಿಂದೆ ತಿರುಗಿಸುತ್ತಾ ಬಿಚ್ಚಿ. ಜೋರು ಮಾಡಿದರೆ ತುದಿ ಮುರಿದು ಹೆಡ್‌ನಲ್ಲೇ ಉಳಿಯುತ್ತದೆ, ಆಗ ಹೆಡ್ ಇಳಿಸಬೇಕಾದೀತು. ಡೀಸೆಲ್ ಚಿಮ್ಮುವ ಸಮಯ ಹೊಂದಿಸುವ ಪಂಪಿನ ಟೈಮಿಂಗ್ ಬೋಲ್ಟ್ ಮಾತ್ರ ಯಾರೂ ಮುಟ್ಟದಿರಲಿ.