ಯುದ್ಧಸೇವೆಯಲ್ಲಿ ಮಡಿದ ನರ್ಸ್‌ಗಳಿಗೆ ಆಸ್ಪತ್ರೆಯಲ್ಲಿ ಫಲಕ: ಯಾವ ಕಲ್ಲು, ಯಾರ ಹೆಸರು?

ಬೆಣ್ಣೆನಗರಿ:
ದಾವಣಗೆರೆಯ ನಮ್ಮ ನರ್ಸಿಂಗ್ ಕಾಲೇಜಿನ ಆಸ್ಪತ್ರೆಯಲ್ಲಿ, ಯುದ್ಧಕಾಲದ ಸೇವೆಯಲ್ಲಿ ಪ್ರಾಣ ಬಿಟ್ಟ ನರ್ಸ್‌ಗಳ ನೆನಪಿಗೆ ಫಲಕ ಹಾಕಿಸುವ ಯೋಚನೆ ಇದೆ. 3 ಅಡಿ ಎತ್ತರ, 2 ಅಡಿ ಅಗಲ. ಅಕ್ಟೋಬರ್ 1ರಂದು ಅನಾವರಣ. ಬಿಳಿ ಮಾರ್ಬಲ್ ಒಳ್ಳೆಯದೋ ಕರಿ ಗ್ರಾನೈಟೋ? ಹೆಸರುಗಳನ್ನು ಎಲ್ಲಿ ಹುಡುಕಬೇಕು? ವಾಟ್ಸಾಪ್‌ನಲ್ಲಿ ಒಂದು ಪಟ್ಟಿ ಓಡಾಡುತ್ತಿದೆ. ಕೋವಿಡ್‌ನಲ್ಲಿ ತೀರಿಕೊಂಡವರನ್ನೂ ಸೇರಿಸಿ ಅಂತ ಕೆಲವರು ಹೇಳುತ್ತಿದ್ದಾರೆ.

ದುರ್ಗದ ಉಳಿ:
ಮಾರ್ಬಲ್ ಬೇಡ್ರಿ. ಆಸ್ಪತ್ರೆ ಅಂದಮೇಲೆ ನೆಲ ತೊಳೆಯೋಕೆ ಆ್ಯಸಿಡ್ ಬಂದೇ ಬರುತ್ತೆ. ಮಾರ್ಬಲ್ ಸುಣ್ಣದ ಜಾತಿಯ ಕಲ್ಲು, ಆ್ಯಸಿಡ್ ಸಿಡಿದ ಕಡೆಯೆಲ್ಲ ಹೊಳಪು ಹೋಗಿ ಮಸುಕಾಗುತ್ತೆ. ಹಿತ್ತಾಳೆ ಹಾಕಿಸಿದರೆ ಉಜ್ಜಿ ಉಜ್ಜಿ ಅಕ್ಷರ ಸವೆಯುತ್ತೆ, ಪಾಲಿಶ್‌ನ ಬಿಳಿ ಗಸಿ ಸಂದಿಯಲ್ಲಿ ಕೂರುತ್ತೆ. 20 ಎಂಎಂ ಕರಿ ಗ್ರಾನೈಟ್ ತಗೊಳ್ಳಿ. ನಿಮ್ಮ ಅಳತೆಗೆ ಸುಮಾರು 32-33 ಕೆಜಿ ತೂಗುತ್ತೆ. ಇಳಕಲ್ಲಿನ ಕೆಂಪು ಕಲ್ಲು ಚೆಂದವೇ, ಆದರೆ ಅದರ ಮೇಲೆ ಲೇಸರ್ ಅಕ್ಷರ ಅಷ್ಟು ಎದ್ದು ಕಾಣೋದಿಲ್ಲ.

ಅಂಗಡಿಯವರು ಲೇಸರ್ ಅಗ್ಗ ಅಂತಾರೆ. ಅದು ಕಲ್ಲಿನ ಮೈಯನ್ನು ಬರೀ ಕೆರೆದು ಬಿಳಿ ಮಾಡೋದು, ಆಳ ಇರೋದಿಲ್ಲ. ಸ್ಯಾಂಡ್‌ಬ್ಲಾಸ್ಟ್ (ಮರಳು ಹೊಡೆದು ಕೆತ್ತೋದು) ಮಾಡಿಸಿ, 2-3 ಎಂಎಂ ಆಳ ಕೇಳಿ. ಕಲ್ಲಿಗೆ ಅಂಟಿಸಿದ ರಬ್ಬರ್ ಸ್ಟೆನ್ಸಿಲ್ (ಅಕ್ಷರ ಕತ್ತರಿಸಿದ ಹಾಳೆ) ತೆಗೆಯೋ ಮೊದಲೇ ಬಣ್ಣ ತುಂಬಿಸಬೇಕು, ಆಗ ಅಂಚು ಕಚ್ಚುಕಚ್ಚಾಗೋದಿಲ್ಲ.

ಕನ್ನಡ ಅಕ್ಷರಕ್ಕೆ ಇನ್ನೊಂದು ತಾಪತ್ರಯ ಐತಿ. ಅನುಸ್ವಾರದ ಸೊನ್ನೆ ಒಳಗೆ ಉಳಿಯೋ ಸಣ್ಣ ರಬ್ಬರ್ ತುಂಡು ಮರಳಿನ ಹೊಡೆತಕ್ಕೆ ಹಾರಿಹೋಗುತ್ತೆ, ಸೊನ್ನೆ ಬರೀ ಗುಂಡಿ ಆಗುತ್ತೆ. ಅದಕ್ಕೇ ಅಕ್ಷರ 18 ಎಂಎಂಗಿಂತ ಸಣ್ಣದು ಬೇಡ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ ಸಾಲಿನಿಂದ ಸಾಲಿಗೆ 36 ಎಂಎಂ ಬಿಡಿಸಿ. ಅಂಚು, ತಲೆಬರಹ ಕಳೆದರೆ 15 ಸಾಲು ಸಿಗುತ್ತೆ, ಅಷ್ಟೇ. ಫೈಲನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಹಾಗೇ ಕಳಿಸಬೇಡಿ; ಅವರ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ಅರ್ಕಾವತ್ತು, ಒತ್ತು ಎಲ್ಲ ಚಲ್ಲಾಪಿಲ್ಲಿ. ಅಕ್ಷರವನ್ನು ಕರ್ವ್‌ಗೆ (ಫಾಂಟ್ ಬೇಡದ ಗೆರೆಚಿತ್ರಕ್ಕೆ) ಬದಲಿಸಿ, ನಿಜ ಅಳತೆಯಲ್ಲಿ ಕಾಗದದ ಮೇಲೆ ಪ್ರಿಂಟ್ ತೆಗೆಸಿ. ಕರಡು ತಿದ್ದೋಕೆ ಫೈಲ್ ಮಾಡಿದವರನ್ನು ಬಿಟ್ಟು ಬೇರೆ ಇಬ್ಬರನ್ನು ಕೂರಿಸಿ.

ಹಳೇ ರಿಜಿಸ್ಟರ್:
ಕಲ್ಲಿಗಿಂತ ಮೊದಲು ಪಟ್ಟಿ, ಮೇಡಂ. ವಾಟ್ಸಾಪ್ ಪಟ್ಟಿಯನ್ನು ಮುಟ್ಟಲೇಬೇಡಿ.

ಎರಡೂ ಮಹಾಯುದ್ಧಗಳಿಗೆ, ಮಡಿದವರ ಸಮಾಧಿ ಮತ್ತು ದಾಖಲೆ ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ಜಾಲತಾಣದಲ್ಲಿ ಹುಡುಕಬಹುದು. ಅವರ ಲೆಕ್ಕಕ್ಕೆ ಬರುವ ಅವಧಿ 4 ಆಗಸ್ಟ್ 1914ರಿಂದ 31 ಆಗಸ್ಟ್ 1921, ಮತ್ತೆ 3 ಸೆಪ್ಟೆಂಬರ್ 1939ರಿಂದ 31 ಡಿಸೆಂಬರ್ 1947. ಇಂಡಿಯನ್ ಮಿಲಿಟರಿ ನರ್ಸಿಂಗ್ ಸರ್ವಿಸ್ ಅಂತಷ್ಟೇ ಹುಡುಕಿದರೆ ಹಲವರು ಬಿಟ್ಟುಹೋಗಬಹುದು. ಆಕ್ಸಿಲಿಯರಿ (ಸಹಾಯಕ) ನರ್ಸಿಂಗ್ ಸರ್ವಿಸ್ ಅಂತಲೂ ಹುಡುಕಿ. ಪ್ರತಿ ಹೆಸರಿನ ಎದುರು ಹುದ್ದೆ, ತೀರಿಕೊಂಡ ದಿನ, ಸಮಾಧಿ ಅಥವಾ ಸ್ಮಾರಕದ ಊರು, ಈ ಮೂರನ್ನೂ ಬರೆದುಕೊಳ್ಳಿ. 1947ರ ನಂತರದವರಿಗೆ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ಪಟ್ಟಿ ಇದೆ.

ಅಕ್ಟೋಬರ್ 1 ಸರಿಯಾದ ದಿನವೇ: 1926ರಲ್ಲಿ ಅದೇ ದಿನ ಇಂಡಿಯನ್ ಮಿಲಿಟರಿ ನರ್ಸಿಂಗ್ ಸರ್ವಿಸ್ ಹುಟ್ಟಿತು. ಆದರೆ ಸೇನೆಯಲ್ಲಿ ನರ್ಸಿಂಗ್ ಅದಕ್ಕೂ ಹಿಂದಿನದು. 28 ಮಾರ್ಚ್ 1888ರಂದು ಹತ್ತು ನರ್ಸ್‌ಗಳು ಬೊಂಬಾಯಿಯಲ್ಲಿ ಇಳಿದಿದ್ದರು. ಫಲಕದಲ್ಲಿ "1926ರಿಂದ" ಎಂದು ಕೆತ್ತಿಸಿದರೆ ಮೊದಲ ಮಹಾಯುದ್ಧದವರು ಹೊರಗುಳಿಯುತ್ತಾರೆ.

ಗುಂಡೇಟಿಗೆ ಸತ್ತವರು ಮಾತ್ರ ಎಂಬ ನಿಯಮವನ್ನೂ ಮಾಡಬೇಡಿ. ಎರಡನೇ ಮಹಾಯುದ್ಧದಲ್ಲಿ ಸಿಂಗಾಪುರದಿಂದ ಜನರನ್ನು ಸಾಗಿಸುತ್ತಿದ್ದ ವೈನರ್ ಬ್ರೂಕ್ ಹಡಗನ್ನೇ ತೆಗೆದುಕೊಳ್ಳಿ. 14 ಫೆಬ್ರುವರಿ 1942ರಂದು ಅದು ಮುಳುಗಿದಾಗ 65 ಆಸ್ಟ್ರೇಲಿಯನ್ ನರ್ಸ್‌ಗಳಿದ್ದರು. 12 ಮಂದಿ ನೀರಿನಲ್ಲಿ ಹೋದರು, 21 ಮಂದಿಯನ್ನು ಎರಡು ದಿನದ ನಂತರ ಈಗಿನ ಇಂಡೊನೇಷ್ಯಾದ ಬಂಕಾ ದ್ವೀಪದ ದಡದಲ್ಲಿ ಜಪಾನಿ ಸೈನಿಕರು ಗುಂಡಿಟ್ಟು ಕೊಂದರು, 8 ಮಂದಿ ಸೆರೆಶಿಬಿರದಲ್ಲಿ ಹಸಿವು, ಕಾಯಿಲೆಯಿಂದ ತೀರಿಕೊಂಡರು. ಮೂರೂ ಯುದ್ಧಸೇವೆಯ ಸಾವೇ ಅಲ್ಲವೇ?

ಕೋವಿಡ್‌ನವರಿಗೆ ಬೇರೆ ಫಲಕ ಮಾಡಿ. ಅವರ ಗೌರವ ಕಡಿಮೆ ಅಂತಲ್ಲ, ಆ ಪಟ್ಟಿಗೆ ಆಧಾರದ ದಾಖಲೆಯೇ ಬೇರೆ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಆಸ್ಪತ್ರೆಯ ನರ್ಸ್‌ಗಳ ಸ್ಮಾರಕ ಪ್ರಾರ್ಥನಾಲಯ ಎರಡನ್ನೂ ಒಂದೇ ಸೂರಿನಡಿ ತಂದಿದೆ, ನಿಜ: 1915ರಲ್ಲಿ ಮಾರ್ಕೆಟ್ (Marquette) ಎಂಬ ಹಡಗಿನೊಂದಿಗೆ ಮುಳುಗಿದವರು, 1918ರ ಇನ್‌ಫ್ಲುಯೆಂಜಾದಲ್ಲಿ ಶುಶ್ರೂಷೆ ಮಾಡುತ್ತಲೇ ಸತ್ತವರು. ಆದರೆ ಅದು ಒಂದು ಕಟ್ಟಡ, ನಿಮ್ಮದು ಆರು ಚದರಡಿ.

ಬೆಣ್ಣೆನಗರಿ:
ನಮ್ಮ ಜಿಲ್ಲೆಯವರ ಹೆಸರು ಒಂದೂ ಸಿಗದಿದ್ದರೆ? ವೀರಗಲ್ಲಿನ ಮಾದರಿಯಲ್ಲಿ ಮಾಡಿಸಿ ಅಂತಲೂ ಒಬ್ಬರು ಹೇಳಿದರು.

ಹಳೇ ರಿಜಿಸ್ಟರ್:
ಸಿಗದಿದ್ದರೆ ಹೆಸರೇ ಬೇಡ. "ಯುದ್ಧಕಾಲದ ಸೇವೆಯಲ್ಲಿ ಮಡಿದ ಎಲ್ಲ ನರ್ಸ್‌ಗಳಿಗೆ" ಎಂಬ ಒಂದು ಸಾಲು ಸಾಕು. ಹೆಸರು ಸಿಕ್ಕರೂ ಪಟ್ಟಿ ಅಷ್ಟಕ್ಕೇ ಮುಗಿಯಿತು ಅನ್ನಬೇಡಿ, ಮುಂದೆ ಸಿಗುವವರಿಗೆ ಕೆಳಗೆ 6 ಇಂಚಿನ ಬೇರೆ ಕಲ್ಲಿನ ಪಟ್ಟಿ ಕೂರಿಸಲು ಗೋಡೆಯಲ್ಲಿ ಜಾಗ ಬಿಡಿ. ಆಮೇಲೆ ಹೆಸರು ಸೇರಿಸಲು, ನೇತುಹಾಕಿದ ಕಲ್ಲಿನ ಮೇಲೆ ವಾರ್ಡಿನ ಪಕ್ಕದಲ್ಲಿ ಮರಳು ಹೊಡೆಯಲಾಗದು.

ದುರ್ಗದ ಉಳಿ:
ವೀರಗಲ್ಲು ನಮ್ಮ ಸೀಮೆಯದೇ, ಆದರೆ ಅದರ ಮೇಲಿನ ಹಂತದಲ್ಲಿ ಸಾಮಾನ್ಯವಾಗಿ ಲಿಂಗಪೂಜೆ ಇರುತ್ತೆ. ಆ ನರ್ಸ್‌ಗಳಲ್ಲಿ ಕ್ರೈಸ್ತರೇ ಬಹಳ. ನಿಂತ ಕಲ್ಲಿನ ಆಕಾರ ಮಾತ್ರ ತಗೊಳ್ಳಿ, ಮೇಲೆ ಒಂದು ದೀಪ ಕೆತ್ತಿಸಿ.

ಕೂರಿಸೋದು ಹೀಗೆ: ಕೆಳಗೆ ಎರಡು ಸ್ಟೇನ್‌ಲೆಸ್ ಸ್ಟೀಲ್ ಬ್ರಾಕೆಟ್ ಭಾರ ಹೊರಬೇಕು, ಮೇಲಿನ ಎರಡು ಬೋಲ್ಟ್ ಹಿಡಿದುಕೊಂಡರೆ ಸಾಕು. ರಂಧ್ರ ಅಂಚಿನಿಂದ ಕನಿಷ್ಠ 75 ಎಂಎಂ ದೂರ ಇರಲಿ, ಇಲ್ಲದಿದ್ದರೆ ಮೂಲೆ ಹಾರುತ್ತೆ. ಅಂಗಡಿಯಲ್ಲೇ ಕೊರೆಸಿ ತನ್ನಿ. ಕಬ್ಬಿಣದ ಸ್ಕ್ರೂ ಹಾಕಿದರೆ ಮೊದಲ ಮಳೆಗಾಲಕ್ಕೇ ತುಕ್ಕಿನ ಕಲೆ ಇಳಿಯುತ್ತೆ. ಪೇಂಟ್ ಹೊಡೆದ ಗೋಡೆಗೆ ಸಿಮೆಂಟ್ ಬಳಿದು ಅಂಟಿಸೋದಂತೂ ಬೇಡವೇ ಬೇಡ. ಹಿಡಿತ ಬಣ್ಣಕ್ಕೆ ಸಿಗುತ್ತೆ, ಗೋಡೆಗಲ್ಲ. ಕಲ್ಲಿನ ಹಿಂದೆ 10 ಎಂಎಂ ಸಂದಿ ಬಿಡಿ, ತೇವ ಆರುತ್ತೆ. ಸ್ಟ್ರೆಚರ್ ತಾಗದಂತೆ ಕೆಳ ಅಂಚು ನೆಲದಿಂದ 4 ಅಡಿ ಮೇಲಿರಲಿ. ಟೊಳ್ಳು ಬ್ಲಾಕ್ ಅಥವಾ ಜಿಪ್ಸಮ್ ಗೋಡೆ ಆಗಿದ್ದರೆ ಜಾಗವನ್ನೇ ಬದಲಿಸಿ.

ಹಳೇ ರಿಜಿಸ್ಟರ್:
ಬೋಲ್ಟ್ ಬಿಚ್ಚುವಂಥದ್ದೇ ಇರಲಿ. ಕಟ್ಟಡ ಒಡೆಯುವಾಗ ಸಿಮೆಂಟಿನಲ್ಲಿ ಕೂತ ಫಲಕ ಗೋಡೆಯ ಜೊತೆಗೇ ಪುಡಿಯಾಗುತ್ತದೆ. ಆಸ್ಪತ್ರೆಯ ಸ್ವತ್ತಿನ ವಹಿಯಲ್ಲಿ ಅಳತೆ, ಫೋಟೊ ಸಹಿತ ನಮೂದಿಸಿ, ಹೆಸರುಗಳ ಆಧಾರದ ಕಡತದ ಒಂದು ಪ್ರತಿಯನ್ನು ಕಾಲೇಜಿನ ಗ್ರಂಥಾಲಯದಲ್ಲಿಡಿ.