ಪಿಸಿಬಿ (ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡ್) ಪುಡಿಯಿಂದ ಬ್ಯಾಕ್ಟೀರಿಯಾ ಬಳಸಿ ತಾಮ್ರ: ಪಿಎಚ್ ಏರಿ ಕಲ್ಚರ್ ಸಾಯ್ತಿದೆ, ಎಲ್ಲಿ ತಪ್ಪಾಗ್ತಿದೆ?

ಹೊಸೂರು_ಲ್ಯಾಬ್:

ಎಲ್ಲರಿಗೂ ನಮಸ್ಕಾರ. ಹೊಸೂರಿನ ಕಾಲೇಜು ಲ್ಯಾಬಿನಲ್ಲಿ ನಡೀತಿರೋ ಪ್ರಾಜೆಕ್ಟ್ ಇದು. ಹಳೇ ಕಂಪ್ಯೂಟರ್ ಬೋರ್ಡ್‌ಗಳ ಕಾಂಪೊನೆಂಟ್ ಕಿತ್ತು, 1 ಮಿ.ಮೀ.ಗಿಂತ ಸಣ್ಣಗೆ ಪುಡಿ ಮಾಡಿದೆ. ಕಲ್ಚರ್ (ಬೆಳೆಸ್ತಿರೋ ಬ್ಯಾಕ್ಟೀರಿಯಾ) ಅಸಿಡಿಥಿಯೋಬ್ಯಾಸಿಲಸ್ ಫೆರೋಆಕ್ಸಿಡನ್ಸ್, ಪುಣೆಯ ಎನ್‌ಸಿಐಎಂ ಅನ್ನೋ ಸೂಕ್ಷ್ಮಜೀವಿ ಸಂಗ್ರಹದಿಂದ ತರಿಸಿದ್ದು. ಮೀಡಿಯಂ 9ಕೆ (ಫೆರಸ್ ಸಲ್ಫೇಟ್ ಇರೋ ಪೋಷಕ ದ್ರಾವಣ), ಪಿಎಚ್ 2, 30 ಡಿಗ್ರಿ, 150 ಆರ್‌ಪಿಎಂ. 250 ಮಿ.ಲೀ. ಫ್ಲಾಸ್ಕಿನಲ್ಲಿ 100 ಮಿ.ಲೀ., ಇನಾಕ್ಯುಲಂ (ಹೆಪ್ಪಿನ ಹಾಗೆ ಹಾಕೋ ಹಳೇ ಕಲ್ಚರ್) ಶೇ. 10.

ಪುಡಿ ಇಲ್ಲದ ಕಂಟ್ರೋಲ್ ಫ್ಲಾಸ್ಕ್ ನಾಲ್ಕು ದಿನಕ್ಕೆ ಚೆನ್ನಾಗಿ ಕೆಂಪಗಾಗುತ್ತೆ. ಆದರೆ ಮೊದಲ ದಿನವೇ 5 ಗ್ರಾಂ ಪುಡಿ ಹಾಕಿದ ಫ್ಲಾಸ್ಕಿನಲ್ಲಿ ಎರಡೇ ದಿನಕ್ಕೆ ಪಿಎಚ್ 4 ದಾಟಿ, ತುಕ್ಕಿನ ಬಣ್ಣದ ಕೆಸರು ಕೂತು ಎಲ್ಲ ನಿಂತುಹೋಗುತ್ತೆ. 2 ಗ್ರಾಂ ಹಾಕಿದರೆ ನಿಧಾನಕ್ಕೆ ನಡೆಯುತ್ತೆ, ಆದರೆ ತಳದಲ್ಲಿ ಹಳದಿ ಹಕ್ಕಳೆ ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಪುಡಿ ಎಷ್ಟು ಹಾಕಬೇಕು? ಆಮ್ಲ ಹೊರಗಿಂದ ಕೊಡಬೇಕಾ? ಕರಗಿದ ತಾಮ್ರವನ್ನ ತೆಗೆಯೋದು ಹೇಗೆ? ಕನೆಕ್ಟರ್ ಅಂಚಿನ ಚಿನ್ನಕ್ಕೂ ಇದೇ ದಾರಿ ಆಗುತ್ತಾ?

ಮಂಜೇಶ್ವರ_ರಸಾಯನ:

ಮೊದಲು ಒಂದು ವಿಷಯ ಮನಸ್ಸಲ್ಲಿ ಇಟ್ಟುಕೊಳ್ಳಿ. ಈ ಬ್ಯಾಕ್ಟೀರಿಯಾ ತಾಮ್ರವನ್ನು ಮುಟ್ಟುವುದೇ ಇಲ್ಲ. ತಾಮ್ರ ಕರಗಿಸುವುದು ಫೆರಿಕ್ ಕಬ್ಬಿಣ, ಅಂದರೆ ಫೆರಸ್ ಕಬ್ಬಿಣಕ್ಕಿಂತ ಒಂದು ಎಲೆಕ್ಟ್ರಾನ್ ಕಡಿಮೆ ಇರುವ ರೂಪ. ತಾಮ್ರ ಕರಗುವಾಗ ಫೆರಿಕ್ ಹೋಗಿ ಫೆರಸ್ ಆಗ್ತದೆ, ಆ ಫೆರಸ್ಸನ್ನು ಪುನಃ ಫೆರಿಕ್ ಮಾಡಿಕೊಡುವುದಷ್ಟೇ ಬ್ಯಾಕ್ಟೀರಿಯಾದ ಕೆಲಸ. ಎರಡೂ ಒಂದೇ ಫ್ಲಾಸ್ಕಿನಲ್ಲಿ ನಡೆಯಬೇಕೆಂದು ಏನೂ ಇಲ್ಲ. ನೀವು ಎಳೆ ಕಲ್ಚರಿನ ಮೇಲೆ ಕ್ಷಾರ, ರಾಳ, ತವರ, ಸೀಸ ಎಲ್ಲ ಒಟ್ಟಿಗೆ ಸುರಿದಿರಿ, ಅದು ಸತ್ತಿತು.

ಲೆಕ್ಕ ನೋಡಿ. 63.5 ಗ್ರಾಂ ತಾಮ್ರಕ್ಕೆ 111.7 ಗ್ರಾಂ ಫೆರಿಕ್ ಬೇಕು. ನಿಮ್ಮ ಬೋರ್ಡಿನಲ್ಲಿ ತಾಮ್ರ ಶೇ. 20 ಅಂತ ಹಿಡಿದರೆ, ಲೀಟರಿಗೆ 50 ಗ್ರಾಂ ಪುಡಿ ಅಂದರೆ 10 ಗ್ರಾಂ ತಾಮ್ರ. ಅದಕ್ಕೆ 17.6 ಗ್ರಾಂ ಫೆರಿಕ್ ಬೇಕು, 9ಕೆಯಲ್ಲಿ ಇರುವುದು 9 ಗ್ರಾಂ. ಅಂದರೆ ಇದ್ದ ಕಬ್ಬಿಣವೇ ಸುಮಾರು ಎರಡು ಸುತ್ತು ಹೊಡೆಯಬೇಕು. ಪ್ರತಿ ಸುತ್ತಿಗೂ ಆಮ್ಲ ಬೇಕು: ಒಂದು ಕಿಲೋ ತಾಮ್ರಕ್ಕೆ ಲೆಕ್ಕದ ಪ್ರಕಾರವೇ 1.54 ಕಿಲೋ ಸಲ್ಫ್ಯೂರಿಕ್ ಆಮ್ಲ. ನಿಮ್ಮ 10 ಗ್ರಾಂ ತಾಮ್ರಕ್ಕೆ 15.4 ಗ್ರಾಂ, ಅಂದರೆ ಶೇ. 98ರ ಆಮ್ಲ ಹತ್ತಿರ ಹತ್ತಿರ 8.5 ಮಿ.ಲೀ. ಪಿಎಚ್ 2ರ ನೀರಿನಲ್ಲಿ ಸ್ವತಂತ್ರವಾಗಿ ಇರುವ ಆಮ್ಲ ಲೀಟರಿಗೆ ಅರ್ಧ ಗ್ರಾಂ ಮಾತ್ರ. ಪಿಎಚ್ ಏರದೆ ಇನ್ನೇನಾಗ್ತದೆ!

ಉಗಾಂಡಾದ ಕಸೇಸೆಯಲ್ಲಿ 1999ರಿಂದ ಕಿಲೆಂಬೆ ತಾಮ್ರದ ಗಣಿಯ ಹಳೆಯ ಪೈರೈಟ್ (ಕಬ್ಬಿಣ-ಗಂಧಕದ ಖನಿಜ) ರಾಶಿಯಿಂದ ಕೋಬಾಲ್ಟ್ ತೆಗೆದದ್ದು ಇದೇ ಬಗೆಯ ಜೀವಿಗಳಿಂದ. ಅಲ್ಲಿ ಪೈರೈಟಿನ ಗಂಧಕವೇ ಆಮ್ಲ ಆಗ್ತಿತ್ತು. ಬೋರ್ಡಿನಲ್ಲಿ ಗಂಧಕ ಇಲ್ಲ, ಹಾಗಾಗಿ ಆಮ್ಲ ನೀವೇ ಕೊಡಬೇಕು.

ಮಾಡುವ ಕ್ರಮ ಹೀಗೆ. 'ಎ' ಪಾತ್ರೆಯಲ್ಲಿ ಪುಡಿ ಹಾಕದೆ ಕಲ್ಚರ್ ಬೆಳೆಸಿ. ಉಪ್ಪುಗಳ ದ್ರಾವಣವನ್ನು ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ) ಮಾಡಿ, ಫೆರಸ್ ಸಲ್ಫೇಟನ್ನು ಮಾತ್ರ ಆಮ್ಲದ ನೀರಿನಲ್ಲಿ ಬೇರೆಯಾಗಿ ಕರಗಿಸಿ ಫಿಲ್ಟರ್ ಮಾಡಿ ಸೇರಿಸಿ. ಅದನ್ನೂ ಆಟೋಕ್ಲೇವಿಗೆ ಇಟ್ಟರೆ ಕಬ್ಬಿಣ ಕೆಸರಾಗಿ ಕೂತುಬಿಡ್ತದೆ. ಬಣ್ಣ ನೋಡಿ ಆಯಿತೆಂದು ಹೇಳಬೇಡಿ, ಟೈಟ್ರೇಶನ್ (ಉಳಿದ ಫೆರಸ್ ಎಷ್ಟೆಂದು ಹನಿ ಹನಿ ದ್ರಾವಣ ಬಿಟ್ಟು ಅಳೆಯುವುದು) ಮಾಡಿ. 10 ಮಿ.ಲೀ. ಸ್ಯಾಂಪಲ್ಲಿಗೆ ದುರ್ಬಲ ಸಲ್ಫ್ಯೂರಿಕ್ ಆಮ್ಲ ಹಾಕಿ, 0.02 ಮೋಲಾರ್ ಪರ್ಮಾಂಗನೇಟ್ ಬಿಡಿ. 1 ಮಿ.ಲೀ.ಗೆ 5.585 ಮಿ.ಗ್ರಾಂ ಫೆರಸ್. ಮೊದಲ ದಿನ 16 ಮಿ.ಲೀ. ಹಿಡಿಯುವುದು ಅರ್ಧ ಮಿ.ಲೀ.ಗೆ ಇಳಿದಾಗ 'ಎ' ತಯಾರು.

ಆಮೇಲೆ ಸ್ವಲ್ಪ ಹೊತ್ತು ನಿಲ್ಲಿಸಿ, ಮೇಲಿನ ತಿಳಿಯನ್ನು ಬಸಿದು 'ಬಿ' ಪಾತ್ರೆಗೆ ಹಾಕಿ. ಕಾಲು ಭಾಗ 'ಎ'ಯಲ್ಲೇ ಉಳಿಯಲಿ, ಅದೇ ಮುಂದಿನ ಸರ್ತಿಯ ಇನಾಕ್ಯುಲಂ. 'ಬಿ'ಗೆ ಲೀಟರಿಗೆ 10 ಗ್ರಾಂ ಪುಡಿಯಿಂದ ಶುರು ಮಾಡಿ, ಪಿಎಚ್ 1.7ರಲ್ಲಿ ಹಿಡಿಯಿರಿ. ಓಆರ್‌ಪಿ (ದ್ರಾವಣದ ಆಕ್ಸಿಡೀಕರಣ ಶಕ್ತಿಯ ಅಳತೆ) 600 ಮಿಲಿವೋಲ್ಟಿನ ಆಸುಪಾಸಿನಿಂದ 400ರ ಕಡೆ ಇಳಿದು ನಿಂತರೆ ಫೆರಿಕ್ ಮುಗಿಯಿತೆಂದು ಅರ್ಥ. ದ್ರಾವಣ ವಾಪಸ್ 'ಎ'ಗೆ, ಪುಡಿ 'ಬಿ'ಯಲ್ಲೇ. ತಾಮ್ರ ಬಂತೋ ಎಂದು ಕಣ್ಣಲ್ಲೇ ನೋಡಬೇಕಾದರೆ ಒಂದು ಟೆಸ್ಟ್‌ಟ್ಯೂಬಿನಲ್ಲಿ ಅಮೋನಿಯಾ ಹೆಚ್ಚಾಗಿ ಹಾಕಿ. ಕಬ್ಬಿಣ ಕಂದು ಕೆಸರಾಗಿ ಕೆಳಗೆ ಇಳೀತದೆ, ಮೇಲಿನ ನೀರು ಗಾಢ ನೀಲಿ ಆಗ್ತದೆ.

'ಎ'ಗೆ ತಾಮ್ರ ಬೆರೆತ ದ್ರಾವಣ ಬರುವುದರಿಂದ ಕಲ್ಚರಿಗೆ ಅದು ಮೊದಲೇ ಅಭ್ಯಾಸ ಆಗಿರಬೇಕು. ತಾಮ್ರದ ಸಲ್ಫೇಟ್ ಹಾಕಿ ಲೀಟರಿಗೆ 1, 2, 5 ಗ್ರಾಂ ತಾಮ್ರ ಅಂತ ಹಂತ ಹಂತವಾಗಿ ಏರಿಸಿ. ಪ್ರತಿ ಹಂತದಲ್ಲೂ ಹಿಂದಿನ ವೇಗ ಮರಳಿ ಬಂದ ಮೇಲೆಯೇ ಮುಂದಿನದು.

ಸೊಲ್ಲಾಪುರ_ಮೆಟಲರ್ಜಿ:

ಮೇಲಿನವರು ಹೇಳಿದ್ದು ಖರೇ ಐತ್ರಿ. ನಾನು ಪುಡಿ ಬಗ್ಗೆ ಹೇಳ್ತೀನಿ, ಅರ್ಧ ತ್ರಾಸ ಅಲ್ಲೇ ಇರ್ತೈತಿ.

ಅಲ್ಯೂಮಿನಿಯಂ ಹೀಟ್‌ಸಿಂಕ್ ತುಣುಕು ಒಂದೂ ಉಳಿಬಾರದು. ಅದು ಆಮ್ಲನೂ ತಿಂತೈತಿ, ಫೆರಿಕ್ಕೂ ತಿಂತೈತಿ, ಮ್ಯಾಲೆ ಹೈಡ್ರೋಜನ್ ಬಿಡ್ತೈತಿ. ಬ್ಯಾಟರಿ, ಕೆಪಾಸಿಟರ್ ಮೊದಲೇ ಕಿತ್ತಿರಿ. ಪುಡಿ ಮ್ಯಾಲೆ ಅಯಸ್ಕಾಂತ ಎರಡು ಸಲ ಆಡಿಸ್ರಿ. ಆಮ್ಯಾಲೆ ಅಗಲ ತಾಟಿನೊಳಗ ನೀರು ಹಾಕಿ, ಅಕ್ಕಿಯೊಳಗಿನ ಹಳ್ಳು ತೆಗಿಯೋ ಹಂಗ ಜಾಲಾಡಿಸ್ರಿ. ಗಾಜುನಾರು-ರಾಳದ ಸಾಂದ್ರತೆ 1.9ರ ಆಸುಪಾಸು, ತಾಮ್ರದ್ದು 8.9. ಹಗುರಾದ್ದು ನೀರಿನ ಜೊತಿ ಹೊರಗ ಹೋಗ್ತೈತಿ, ಕೆಂಪು ಚೂರು ತಳದಾಗ ಉಳಿತಾವ. ಇದನ್ನ ಸುಟ್ಟು ರಾಳ ತೆಗಿಯೋಣ ಅಂತ ಮಾತ್ರ ಹೋಗಬ್ಯಾಡ್ರಿ. ಬ್ರೋಮಿನ್ ಇರೋ ರಾಳ ಸುಟ್ಟರ ಡಯಾಕ್ಸಿನ್ ಜಾತಿಯ ವಿಷ ಬರ್ತೈತಿ. ರುಬ್ಬುವಾಗಲೂ ಎನ್95 ಮಾಸ್ಕ್ ಬೇಕೇ ಬೇಕು, ಗಾಜುನಾರಿನ ಧೂಳು ಅದು.

ಜಾಲಾಡಿಸಿದ ಪುಡಿಯನ್ನ ಬ್ಯಾಕ್ಟೀರಿಯಾ ಇಲ್ಲದ ಆಮ್ಲದ ನೀರಿನೊಳಗ ಕಲಿಸ್ರಿ. ಪಿಎಚ್ ಏರಿದಂಗೆಲ್ಲ ಹನಿ ಹನಿ ಆಮ್ಲ ಬಿಟ್ಟು, 2ರ ಕೆಳಗ ಒಂದು ತಾಸು ಅಲುಗದೆ ನಿಂತ ಮ್ಯಾಲೆ ಸೋಸಿ ತೊಳೆದು 'ಬಿ'ಗೆ ಹಾಕ್ರಿ. ನಿಮ್ಮ ಪಿಎಚ್ 4ಕ್ಕೆ ಹೋಗೋದು ಇಲ್ಲೇ ನಿಲ್ತೈತಿ.

ನೀರು ಬೋರ್‌ವೆಲ್ದು ಬ್ಯಾಡ. ಕ್ಲೋರೈಡ್ ಈ ಬ್ಯಾಕ್ಟೀರಿಯಾಕ್ಕ ಆಗಂಗಿಲ್ಲ. ಡಿಸ್ಟಿಲ್ಡ್ ಇಲ್ಲಾಂದ್ರ ಆರ್‌ಓ ನೀರು. ಇನ್ನ ಉಷ್ಣತೆ: ನಮ್ಮ ಕಡೆ ಏಪ್ರಿಲ್-ಮೇದಾಗ ಶೆಡ್ಡಿನೊಳಗ 40 ದಾಟಿ ಕಲ್ಚರ್ ಸಾಯ್ತೈತಿ. ನಿಮ್ಮ ಹೊಸೂರಿನಾಗ ಡಿಸೆಂಬರ್ ರಾತ್ರಿ ತಂಪಿಗೆ ಮಲಗ್ತೈತಿ. ಶೇಕರ್‌ದಾಗ ಇದ್ದರ ಚಿಂತಿ ಇಲ್ಲ, ಡ್ರಮ್ಮಿಗೆ ಹೋದಾಗ ಅಕ್ವೇರಿಯಂ ಹೀಟರ್ ಬೇಕಾಗ್ತೈತಿ.

ಹೊಸೂರು_ಲ್ಯಾಬ್:

ತುಂಬಾ ಉಪಕಾರ ಆಯ್ತು. ಕಂಟ್ರೋಲ್ ಫ್ಲಾಸ್ಕನ್ನ ಟೈಟ್ರೇಟ್ ಮಾಡಿದೆ. ಕೆಂಪಗೆ ಕಂಡರೂ 10 ಮಿ.ಲೀ.ಗೆ 3.8 ಮಿ.ಲೀ. ಹಿಡಿಯಿತು, ಅಂದರೆ ಇನ್ನೂ ಮುಗಿದಿರಲಿಲ್ಲ. ಆ ಹಳದಿ ಹಕ್ಕಳೆ ಏನು ಅಂತ ಯಾರಾದರೂ ಹೇಳಿ.

ಮಂಜೇಶ್ವರ_ರಸಾಯನ:

ಅದು ಜಾರೋಸೈಟ್. ಫೆರಿಕ್, ಸಲ್ಫೇಟ್, ಪೊಟ್ಯಾಶಿಯಂ ಅಥವಾ ಅಮೋನಿಯಂ ಸೇರಿ ಆಗುವ ಹರಳು. 9ಕೆಯಲ್ಲಿ ಈ ಮೂರೂ ಧಾರಾಳ ಉಂಟು: ಅಮೋನಿಯಂ ಸಲ್ಫೇಟೇ ಲೀಟರಿಗೆ 3 ಗ್ರಾಂ. ಪಿಎಚ್ 2ರಿಂದ ಮೇಲೆ ಹೋದಷ್ಟೂ ಬೇಗ ಕೂರ್ತದೆ. ನಷ್ಟ ಎರಡು ಕಡೆಯಿಂದ: ಫೆರಿಕ್ ಅದರಲ್ಲೇ ಸಿಕ್ಕಿಹಾಕಿಕೊಳ್ತದೆ, ತಾಮ್ರದ ಚೂರಿನ ಮೇಲೆ ಪದರವಾಗಿ ಕೂತು ದಾರಿ ಮುಚ್ಚುತ್ತದೆ. ಪಿಎಚ್ 1.6ರಿಂದ 1.8ರ ಒಳಗೆ ಇಡಿ. ಫೆರಸ್ ಸಲ್ಫೇಟನ್ನು 44ರಿಂದ 22 ಗ್ರಾಂಗೆ ಇಳಿಸಿ. ಆಗ ಸಿಗುವ 4.4 ಗ್ರಾಂ ಫೆರಿಕ್ ನಿಮ್ಮ 10 ಗ್ರಾಂ ಪುಡಿಯ ತಾಮ್ರಕ್ಕೆ ಬೇಕಾದ 3.5 ಗ್ರಾಂಗಿಂತ ಹೆಚ್ಚೇ. ಆದರೆ ಸೋಲ್ಡರಿನ ತವರ, ಸೀಸ ಕೂಡ ಪಾಲು ತೆಗೆದುಕೊಳ್ತವೆ, ಅದಕ್ಕೆ ಎರಡನೇ ಸುತ್ತು ಬೇಕಾದೀತು. ಸೀಸ ಸಲ್ಫೇಟಾಗಿ ತಳದಲ್ಲೇ ಉಳೀತದೆ, ಆ ಶೇಷವನ್ನು ಬರಿಗೈಯಲ್ಲಿ ಮುಟ್ಟಬೇಡಿ.

ತಾಳವಾಡಿ_ಪ್ರೋಸೆಸ್:

ತಾಮ್ರ ತೆಗೆಯೋಕೆ ನಿಮ್ಮ ಊರಲ್ಲೇ ಮಾಲು ಬಿದ್ದಿದೆ: ಲೇತ್ ಟರ್ನಿಂಗ್ ಚೂರು (ಲೋಹ ಕಡೆಯುವಾಗ ಬೀಳೋ ಸಿಪ್ಪೆ). ಅದನ್ನ ತಾಮ್ರದ ದ್ರಾವಣಕ್ಕೆ ಹಾಕಿದರೆ ಕಬ್ಬಿಣ ಕರಗಿ ತಾಮ್ರ ಕೂರುತ್ತೆ. ಮೈಲ್ಡ್ ಸ್ಟೀಲ್‌ದೇ ಬೇಕು, ಸ್ಟೇನ್‌ಲೆಸ್ ಬೇಡ. ಕೂಲಂಟ್ ಎಣ್ಣೆ ಹೋಗೋ ಹಾಗೆ ಸೋಪಿನ ನೀರಲ್ಲಿ ಕುದಿಸಿ ತೊಳೆಯಿರಿ. ಎಣ್ಣೆ ಉಳಿದರೆ ತಾಮ್ರ ಕೂರಲ್ಲ, ದ್ರಾವಣ ವಾಪಸ್ ಹೋದಾಗ ಕಲ್ಚರೂ ಕೆಡುತ್ತೆ. ಒಂದು ಕಿಲೋ ತಾಮ್ರಕ್ಕೆ ಲೆಕ್ಕದಲ್ಲಿ 0.88 ಕಿಲೋ ಕಬ್ಬಿಣ ಸಾಕು, ಆದರೆ ಉಳಿದ ಫೆರಿಕ್ ಮತ್ತು ಆಮ್ಲ ಕೂಡ ಕಬ್ಬಿಣ ತಿನ್ನೋದರಿಂದ ಅದರ ಎರಡು ಪಟ್ಟು ಇಟ್ಟುಕೊಳ್ಳಿ. ಅದಕ್ಕೇ 'ಬಿ'ಯಲ್ಲಿ ಫೆರಿಕ್ ಪೂರ್ತಿ ಮುಗಿದ ಮೇಲೆಯೇ ಈ ಹಂತಕ್ಕೆ ಬನ್ನಿ. ಕೆಲವೇ ನಿಮಿಷದಲ್ಲಿ ಚೂರಿನ ಮೇಲೆ ಕೆಂಪು ಮೆತ್ತಿಕೊಳ್ಳುತ್ತೆ. ಅಲುಗಾಡಿಸ್ತಾ ಇದ್ದರೆ ಪುಡಿಯಾಗಿ ಉದುರುತ್ತೆ. ಸೋಸಿ, ದುರ್ಬಲ ಆಮ್ಲದಲ್ಲಿ ಒಮ್ಮೆ, ನೀರಲ್ಲಿ ಎರಡು ಸಲ ತೊಳೆದು ಕೂಡಲೇ ಒಣಗಿಸಿ, ಇಲ್ಲಾಂದ್ರೆ ಕಪ್ಪಾಗುತ್ತೆ. ಉಳಿಯೋ ದ್ರಾವಣ ಫೆರಸ್. ಆಮ್ಲ ಸರಿಮಾಡಿ ಅದನ್ನೇ 'ಎ'ಗೆ ಹಾಕಬಹುದು.

ಸುತ್ತು ಹೆಚ್ಚಿದ ಹಾಗೆ ಸತು, ನಿಕಲ್, ಅಲ್ಯೂಮಿನಿಯಂ ಜೊತೆಗೆ ಕಬ್ಬಿಣವೂ ಸೇರುತ್ತೆ. ಪ್ರತಿ ಸಲ ಒಂದು ಪಾಲು ಹೊರಗೆ ತೆಗೆದು, ಗಾಳಿ ಊದುತ್ತಾ ಸುಣ್ಣದಲ್ಲಿ ಪಿಎಚ್ 9ರ ಹತ್ತಿರ ತನ್ನಿ. ಆ ಕೆಸರು ಚರಂಡಿಗೆ ಹೋಗಬಾರದು, ಅದು ಅಪಾಯಕಾರಿ ತ್ಯಾಜ್ಯ. ಕಾಲೇಜಿನ ಮೂಲಕವೇ ವಿಲೇವಾರಿ ಮಾಡಿಸಿ. ಮುಂದೆ ಇದನ್ನ ಯೂನಿಟ್ ಮಾಡೋ ಯೋಚನೆ ಇದ್ದರೆ 2022ರ ಇ-ತ್ಯಾಜ್ಯ ನಿಯಮಗಳ ಪ್ರಕಾರ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ರಿಸೈಕ್ಲರ್ ಅಂತ ನೋಂದಣಿ ಕಡ್ಡಾಯ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ಚಿನ್ನದ ವಿಷಯ. ಫೆರಿಕ್ ಸಲ್ಫೇಟ್ ಚಿನ್ನ ಕರಗಿಸಲ್ಲ, ಅದು ಶೇಷದಲ್ಲೇ ಉಳಿಯುತ್ತೆ. ಕ್ರೋಮೋಬ್ಯಾಕ್ಟೀರಿಯಂ ವಯೋಲೇಸಿಯಂ ಗ್ಲೈಸಿನ್‌ನಿಂದ ಸಯನೈಡ್ ಮಾಡಿ ಚಿನ್ನ ಕರಗಿಸುತ್ತೆ ಅನ್ನೋದು ನಿಜ. ಆದರೆ ತಾಮ್ರ ಸ್ವಲ್ಪ ಉಳಿದಿದ್ದರೂ ಸಯನೈಡ್ ಎಲ್ಲ ಅದಕ್ಕೇ ಹೋಗುತ್ತೆ. ಅದಕ್ಕಿಂತ ದೊಡ್ಡ ವಿಷಯ, ಪಿಎಚ್ 9.2ರ ಕೆಳಗೆ ಸಯನೈಡಿನ ಅರ್ಧಕ್ಕಿಂತ ಹೆಚ್ಚು ಪಾಲು ಹೈಡ್ರೋಜನ್ ಸಯನೈಡ್ ರೂಪದಲ್ಲಿರುತ್ತೆ, ಅದು ಅನಿಲವಾಗಿ ಹೊರಬರುತ್ತೆ. ನಿಮ್ಮ ಪಕ್ಕದ ಮೇಜಿನ ಮೇಲೆ ಪಿಎಚ್ 1.7ರ ಪಾತ್ರೆ ಇದೆ. ಕೈತಪ್ಪಿ ಎರಡೂ ಸೇರಿದರೆ ಆ ಕೋಣೆಯಲ್ಲಿದ್ದವರು ಉಳಿಯಲ್ಲ. ಫ್ಯೂಮ್‌ಹುಡ್, ಸಯನೈಡ್ ಡಿಟೆಕ್ಟರ್, ಬೇರೆ ಕೋಣೆ ಇಲ್ಲದೆ ಅದಕ್ಕೆ ಕೈ ಹಾಕಬೇಡಿ. ಶೇಷವನ್ನ ಒಣಗಿಸಿ, ತೂಕ ಬರೆದು, ಮುಚ್ಚಳದ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಡಬ್ಬಿಯಲ್ಲಿ ಇಟ್ಟಿರಿ. ಚಿನ್ನ ಎಲ್ಲೂ ಹೋಗಲ್ಲ.