‘ಕಸುವು’ ಅಂದರೆ ಇವತ್ತಿನ ಬಲವೋ, ನಾಳೆಯದ್ದೋ?

ಎಲ್ಲರಿಗೂ ನಮಸ್ಕಾರ. ಕಲಬುರಗಿಯಿಂದ ಬರೆಯುತ್ತಿದ್ದೇನೆ. ಒಂದು ಪದದ ವಿಷಯದಲ್ಲಿ ಸಿಕ್ಕಿಬಿದ್ದಿದ್ದೇನೆ.

ನನ್ನ ಅಕ್ಕನ ಮಗ ಕೆನಡಾದಲ್ಲಿ ಐಸ್ ಹಾಕಿ ಆಡುತ್ತಾನೆ. ವಯಸ್ಸು 15, ಗೋಲಿ. (ನಾವು ಓಣಿಯಲ್ಲಿ ಆಡಿದ ಗೋಲಿಯಲ್ಲ, ಗೋಲು ಕಾಯುವವನು.) ಸೀಸನ್ ಮುಗಿದ ಮೇಲೆ ಕೋಚ್ ಎರಡು ಪುಟದ ರಿಪೋರ್ಟ್ ಕೊಟ್ಟಿದ್ದಾರೆ. ಅಕ್ಕ ಅದನ್ನು ಕಳಿಸಿ ‘ಅವ್ವಗ ಓದಿ ಹೇಳು’ ಅಂದಳು.

ಆಟದ ಮಾತು ಹೇಳೋದು ಕಷ್ಟವಾಗಲಿಲ್ಲ. ಜೊತೆಗೆ ವಿಡಿಯೊ ಇತ್ತು. ಆರಡಿ ಅಗಲ, ನಾಲ್ಕಡಿ ಎತ್ತರದ ಗೋಲು. ಹುಡುಗ ಎರಡೂ ಮಂಡಿ ಊರಿ, ಕಾಲಿನ ಪ್ಯಾಡುಗಳನ್ನು ಆಚೀಚೆ ಹರಡುತ್ತಾನೆ. ಪಕ್ (ಚೆಂಡಿನ ಬದಲು ಇರುವ ರಬ್ಬರ್ ಬಿಲ್ಲೆ) ಬಂದು ಪ್ಯಾಡಿಗೆ ಬಡಿಯುತ್ತೆ. ನಾವು ಶಹಬ್ಬಾಸ್ ಅನ್ನುವಷ್ಟರಲ್ಲಿ ಅದು ಪುಟಿದು ಎದುರಾಳಿಯ ಕೋಲಿಗೇ ಸಿಕ್ಕು ಗೋಲು! ಕೋಚ್ ಬರೆದಿರುವುದೂ ಅದನ್ನೇ. ತಡೆಯುತ್ತಾನೆ, ಆದರೆ ಪುಟಿದದ್ದನ್ನು ಮೂಲೆಗೆ ಕಳಿಸುವುದಿಲ್ಲ. ಮಂಡಿ ಊರಿದ ಮೇಲೆ ಏಳೋದು ತಡ. ಕಣ್ಣು ಮಾತ್ರ ಪಕ್ ಮೇಲಿಂದ ಕದಲುವುದಿಲ್ಲ. ನೂರಕ್ಕೆ ಎಷ್ಟು ತಡೆದ ಅನ್ನುವ ಲೆಕ್ಕವನ್ನು ಈ ವಯಸ್ಸಿನಲ್ಲಿ ಜಾಸ್ತಿ ನಂಬಬೇಡಿ, ಮುಂದೆ ನಿಂತ ಡಿಫೆಂಡರ್‌ಗಳು ಸಡಿಲಾದರೆ ಎಂಥ ಗೋಲಿಯ ಲೆಕ್ಕವೂ ಕೆಡುತ್ತೆ ಅಂತಲೂ ಇದೆ.

ತೊಡಕಾಗಿದ್ದು ಕೊನೆಯ ಸಾಲು. ಹುಡುಗ ಇನ್ನೂ ‘ರಾ’, ಆದರೆ ‘ಪೊಟೆನ್ಶಿಯಲ್’ ಬಹಳ.

‘ರಾ’ಗೆ ‘ಹಸಿ’ ಅಂದೆ. ‘ಹಸೀ ಅಂದ್ರ? ಗಾಯ ಆಗ್ಯಾದೇನು?’ ಅಂತ ಅವ್ವ ಗಾಬರಿಯಾದಳು. ‘ಕಚ್ಚಾ’ ನಮ್ಮ ಕಡೆ ದಿನಾ ಬಳಸುವ ಮಾತು. ಆದರೆ ಹುಡುಗನಿಗೆ ಕಚ್ಚಾ ಅಂದರೆ ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂದ ಹಾಗೆ.

‘ಪೊಟೆನ್ಶಿಯಲ್’ಗೆ ಸಾಮರ್ಥ್ಯ ಅನ್ನೋಣ ಅಂದರೆ, ಅದು ಈಗಾಗಲೇ ಕೈಯಲ್ಲಿರುವುದು. ಪತ್ರಿಕೆಯವರು ‘ಭರವಸೆಯ ಆಟಗಾರ’ ಅಂತಾರೆ. ಆದರೆ ಭರವಸೆ ನಮ್ಮದು, ಅವನೊಳಗಿನದ್ದಲ್ಲ, ಅಲ್ವಾ? ‘ಅಂತಃಸತ್ವ’ ಟಾನಿಕ್ ಬಾಟಲಿಯ ಮೇಲಿನ ಮಾತಿನಂತೆ ಕೇಳುತ್ತೆ.

ಕೊನೆಗೆ ಅವ್ವನೇ ಅಂದಳು: ‘ಹೊಲದಾಗ ಕಸು ಅದ, ಬೆಳಿ ಇನ್ನಾ ಬಂದಿಲ್ಲ ಅನ್ನು. ಮುಗೀತು.’

ನನಗೆ ಇದು ಭಾರಿ ಹಿಡಿಸಿತು. ಬೀಜ ಹಾಕುವ ಮೊದಲೇ ನೆಲದಲ್ಲಿ ಇರುವುದು ಕಸುವು. ಬೆಳೆ ಬಂದರೂ, ಬರದಿದ್ದರೂ ಅದು ಅಲ್ಲಿದೆ. ಆದರೆ ಮನುಷ್ಯನ ವಿಷಯಕ್ಕೆ ಬಂದಾಗ ‘ಮೈಯಲ್ಲಿ ಕಸುವಿಲ್ಲ’ ಅಂದರೆ ಇವತ್ತಿನ ಬಲ ಇಲ್ಲ ಅಂತಲೇ ಅರ್ಥ. ನೆಲಕ್ಕೊಂದು ಕಾಲ, ಮೈಗೊಂದು ಕಾಲ! ಇನ್ನೊಂದು ಗೊಂದಲ: ‘ಕಸುಗಾಯಿ’ ಅಂದರೆ ಬಲಿಯದ ಕಾಯಿ. ಆ ‘ಕಸು’ವಿಗೂ ಈ ಕಸುವಿಗೂ ನಂಟಿದೆಯೋ, ಸುಮ್ನೆ ಒಂದೇ ಥರ ಕೇಳುತ್ತವೋ? ನಂಟಿದ್ದರೆ ಕೋಚ್ ಬರೆದ ಎರಡೂ ಮಾತು ಒಂದೇ ಬೇರಿನಲ್ಲಿ ಸಿಕ್ಕ ಹಾಗಾಯ್ತು.

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಅನ್ನಬಹುದಲ್ಲ ಅಂತ ಯಾರಾದರೂ ಕೇಳಬಹುದು. ಗೋಲಿಗಳಿಗೆ ಆ ಗಾದೆ ಒಪ್ಪುವುದಿಲ್ಲ. ಎನ್‌ಎಚ್‌ಎಲ್ ಅಂದರೆ ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್; ಅಲ್ಲಿನ ತಂಡಗಳು ಎಳೆಯ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದೇ ಡ್ರಾಫ್ಟ್. 2000ರ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದವನು ರಿಕ್ ಡಿಪಿಯೆಟ್ರೊ ಅನ್ನುವ ಗೋಲಿ. ಗಾಯಗಳ ಮೇಲೆ ಗಾಯ, ಆಡಿದ್ದು 318 ಪಂದ್ಯ. ಅದೇ ಡ್ರಾಫ್ಟ್‌ನಲ್ಲಿ 205ನೆಯವನಾಗಿ ಬಂದ ಹೆನ್ರಿಕ್ ಲುಂಡ್‌ಕ್ವಿಸ್ಟ್ 459 ಪಂದ್ಯ ಗೆದ್ದ, 2012ರಲ್ಲಿ ವರ್ಷದ ಅತ್ಯುತ್ತಮ ಗೋಲಿಗೆ ಕೊಡುವ ವೆಜಿನಾ ಟ್ರೋಫಿ ಪಡೆದ. ಗೋಲಿಗಳು ತಡವಾಗಿ ಬಲಿಯುತ್ತಾರೆ. ಅವ್ವನಿಗೆ ಇದನ್ನು ಹೇಳಿದಾಗ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ತೊಗರಿ ಹೂ ಬಿಟ್ಟು ಹೊಲವೆಲ್ಲ ಹಳದಿಯಾಗಿದ್ದಾಗ ಮಂಜು ಬಿದ್ದು ಹೂ ಉದುರಿದ್ದನ್ನು ಎಷ್ಟು ವರ್ಷ ನೋಡಿದ್ದಾಳೋ.

ಬೀದರ್, ಯಾದಗಿರಿ ಕಡೆಯವರು ಹೇಳಿ: ಎಳೆಯ ಹುಡುಗನ ಬಗ್ಗೆ ‘ಇವನಲ್ಲಿ ಕಸು ಅದ’ ಅಂದರೆ ನಿಮ್ಮಲ್ಲಿ ‘ಮುಂದೆ ಬರ್ತಾನ’ ಅಂತ ಅರ್ಥವಾಗುತ್ತಾ, ಅಥವಾ ‘ಗಟ್ಟಿಮುಟ್ಟಾಗಿದ್ದಾನೆ’ ಅಂತಲಾ? ಮೈಸೂರು, ಮಂಗಳೂರಿನವರ ಬಳಕೆಯೂ ಬೇಕು. ಭಾನುವಾರ ಅಕ್ಕ ಫೋನ್ ಮಾಡುತ್ತಾಳೆ, ಅಷ್ಟರೊಳಗೆ ಸಿಕ್ಕರೆ ಒಳ್ಳೆಯದು.